ಬೋಂಡಾ ಬಂದ ಮೇಲಿನ ವಿಷಯ

ನಮ್ಮ ಪುರಸಭೆಯ ಸಭೆಗೆ ಬಿಸಿ ಬೋಂಡಾ ಬಂದ ಮೇಲೆ ಯಾರೂ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಮ್ಯಾನೇಜರ್ ವಿಷಯ ಓದುತ್ತಾರೆ, ಸದಸ್ಯರು ಮೇಜು ಕುಟ್ಟುತ್ತಾರೆ, ಪಾಸಾಗುತ್ತದೆ. ಕಲಬುರಗಿಯಿಂದ ಬಂದು ಜಿಗಣಿ ಕಡೆಯ ಫ್ಯಾಕ್ಟರಿಗಳಲ್ಲಿ ದುಡಿಯುವವರ ವಾರ್ಡು ನನ್ನದು. ನಮ್ಮ ಬೀದಿಯ ಒಡೆದ ಚರಂಡಿಗಾಗಿ ಪ್ರತಿ ಸಭೆಯಲ್ಲೂ ಕೂಗಾಡಿದ್ದೆ. “ನೋಡೋಣ, ಕೂತ್ಕಳಮ್ಮ ದಾನೇಶ್ವರಿ” ಎನ್ನುವುದೊಂದೇ ಅಧ್ಯಕ್ಷ ವೆಂಕಟೇಶಪ್ಪನವರ ಉತ್ತರ.

ಈ ಸಲ ನಾನು ಬಾಯಿ ಬಿಡಲಿಲ್ಲ. ನನ್ನ ವಿಷಯವನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿ ಕಾದೆ. ಬೋಂಡಾ ಬಂತು.

“ಮುಂದಿನ ಸಭೆಯನ್ನು ದಾನೇಶ್ವರಿಯವರ ಬೀದಿಯಲ್ಲಿ, ಒಡೆದ ಚರಂಡಿಯ ಪಕ್ಕದಲ್ಲೇ ಶಾಮಿಯಾನ ಹಾಕಿ ನಡೆಸುವುದು,” ಎಂದು ಮ್ಯಾನೇಜರ್ ಓದಿದರು.

ದಡದಡ ಮೇಜು ಕುಟ್ಟಿದರು. ಅಧ್ಯಕ್ಷರದೇ ಎಲ್ಲರಿಗಿಂತ ಜೋರು!

“ಪಾಸಾಯ್ತು!” ಎಂದು ನಾನು ಎದ್ದು ಕುಣಿದೇಬಿಟ್ಟೆ.

ಅಧ್ಯಕ್ಷರು ಮ್ಯಾನೇಜರ್ ಕಡೆ ತಿರುಗಿದರು. “ಏನ್ರೀ ಪಾಸಾಗಿದ್ದು?”

ಅವರು ಮತ್ತೆ ಓದಿದರು. “ನಡಾವಳಿಗೆ ಬರ್ದಾಯ್ತು ಸಾರ್.”

“ಅಯ್ಯೋ, ಆ ನಾತದಲ್ಲಿ ಕೂತ್ಕಂಡು ಬೋಂಡಾ ತಿನ್ನಕ್ಕಾಗ್ತದೇನಮ್ಮ?”

“ಯಾಕಾಗಂಗಿಲ್ರಿ ಸಾಹೇಬ್ರ?” ಎಂದೆ. “ನಾವು ದಿನಾ ಅಲ್ಲೇ ಉಣ್ತೀವಿ.”