ಕೊಸ್ಮಸ್ ಮಾಸ್ಟ್ರು ಕೊಡುವ ಪಾಳಿ

ಅಮೆರಿಕದ ಕೌಬಾಯ್ ಹಾಡಿಗೆ ಜಾಜ್ ಬೆರೆಸಿದರೆ ವೆಸ್ಟರ್ನ್ ಸ್ವಿಂಗ್. ಬಹ್ರೇನಿನಲ್ಲಿ ಅದಕ್ಕೆ ಜನರನ್ನು ಮೊದಲು ಕುಣಿಸಿದ್ದು ತಾನೇ ಎಂದು ನಮ್ಮ ಕೊಸ್ಮಸ್ ಮಾಸ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ. ಮಂಗಳೂರಿನ ಇಗರ್ಜಿಯಲ್ಲಿ ಪಿಟೀಲು ಕಲಿತು, ಇಲ್ಲಿಗೆ ಅಡುಗೆಯವರಾಗಿ ಬಂದು, ಅಮೆರಿಕನ್ ಇಂಜಿನಿಯರರ ಪಾರ್ಟಿಗಳಲ್ಲಿ ಕೇಳಿದ್ದನ್ನೆಲ್ಲ ಬಾಯಿಪಾಠ ಮಾಡಿ ಬ್ಯಾಂಡ್ ಕಟ್ಟಿದವರು. ಇದರಲ್ಲಿ ಅರ್ಧ ಬಡಾಯಿಯೇ ಇರಲಿ, ನನಗೆ ಅವರೆಂದರೆ ಪ್ರಾಣ.

ನಾನು ಅಫ್ಸಲ್. ಸಲ್ಮಾಬಾದಿನಲ್ಲಿ ಎ.ಸಿ. ರಿಪೇರಿ ಮಾಡುತ್ತೇನೆ, ರಜೆಯಲ್ಲಿ ಮಾಸ್ಟ್ರ ಬ್ಯಾಂಡಿಗೆ ಸ್ಟೀಲ್ ಗಿಟಾರ್ ನುಡಿಸುತ್ತೇನೆ. ಅದನ್ನು ಕಲಿಸಿದ ಆದಂ, ನಮಗೆಲ್ಲ ಆದಮಾಕ, ನನ್ನ ಪಕ್ಕದಲ್ಲೇ ಕೂತು ನುಡಿಸುತ್ತಿದ್ದರು. ಕಳೆದ ರಂಜಾನಿನಲ್ಲಿ ತೀರಿಕೊಂಡರು.

ಹಾಡಿನ ನಡುವೆ ಮಾಸ್ಟ್ರು ಪಿಟೀಲಿನ ಕಮಾನು ತೋರಿಸಿ ಯಾರ ಹೆಸರು ಕೂಗುತ್ತಾರೋ, ಒಂದು ಸುತ್ತು ಮುಂದಾಗಿ ನುಡಿಸುವ ಪಾಳಿ ಅವರದು. ಈಚೆಗೆ ಹೆಸರುಗಳು ತಪ್ಪುತ್ತಿದ್ದವು. ನನ್ನನ್ನೇ ಒಮ್ಮೆ 'ಟೀನಾ' ಎಂದು ಕೂಗಿದರು. ಡ್ರಮ್ಸ್ ಬಾರಿಸುವ ಟೀನಾ ನಕ್ಕಳು, ನಾನು ಗಡ್ಡ ಸವರಿಕೊಂಡು ನುಡಿಸಿದೆ.

ಮಾಸ್ಟ್ರ ಮಗಳು ರೀಮಾಳಿಗೆ ಅದು ನಗುವ ವಿಷಯವಾಗಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಜಿಂಜ್‌ನಲ್ಲಿ ಒಂದು ಮದುವೆಯೂಟಕ್ಕೆ ನುಡಿಸಲು ಹೋದಾಗ ನನ್ನನ್ನು ಬದಿಗೆ ಕರೆದಳು.

"ಇವತ್ತೂ ಡ್ಯಾಡಿಗೆ ಹೆಸರು ತಪ್ಪಿದ್ರೆ ಮುಗೀತು, ಅಫ್ಸಲ್. ಇನ್ನು ನೀವೇ ಲೀಡ್ ಮಾಡಿ. ಡ್ಯಾಡಿಯನ್ನು ನೋಡಿ ಜನ ನಗಾಡುದು ನಂಗೆ ಸಹಿಸ್ಲಿಕ್ಕೆ ಆಗುದಿಲ್ಲ."

ನಾನು ಒಪ್ಪಿದೆ.

ಮೊದಲ ಹಾಡುಗಳಲ್ಲಿ ಒಂದು ಹೆಸರೂ ತಪ್ಪಲಿಲ್ಲ. ಆಮೇಲೆ ಮಾಸ್ಟ್ರು ನನ್ನ ಪಕ್ಕದ ಖಾಲಿ ಜಾಗಕ್ಕೆ ಕಮಾನು ತೋರಿಸಿ ಕೂಗಿದರು: "ಈಗ ಆದಂ!"

ರೀಮಾಳ ಮುಖ ಬಿಳಿಚಿತು. ನನ್ನ ಕೈ ತಂತಿಯ ಮೇಲೇ ನಿಂತಿತು. ಡ್ರಮ್ಸ್, ಬಾಸ್ ಎರಡೇ ಸಾಗಿದವು, ಜನ ಕುಣಿಯುತ್ತಲೇ ಇದ್ದರು. ಮಾಸ್ಟ್ರು ಕಣ್ಣು ಮುಚ್ಚಿ, ಕಾಲಿನಲ್ಲಿ ತಾಳ ಹಾಕುತ್ತಾ ಇಡೀ ಸುತ್ತು ಕಾದರು. ಅದು ಮುಗಿದ ಮೇಲೆ ಕಮಾನನ್ನು ನನ್ನತ್ತ ತಿರುಗಿಸಿದರು.

ಊಟಕ್ಕೆ ಕೂತಾಗ ಮೆಲ್ಲನೆ ಹೇಳಿದೆ, "ಮಾಸ್ಟ್ರೇ, ಆದಮಾಕ ಈಗ..."

"ತೀರಿಕೊಂಡದ್ದು ನಂಗೆ ಗೊತ್ತುಂಟು ಮಾರಾಯ. ಅವ ಹೋದ ಮೇಲೆ ಅವನ ಪಾಳಿಯನ್ನೂ ನೀನೇ ಬಾರಿಸ್ತಾ ಇದ್ದಿ. ಇವತ್ತು ಒಂದು ಸಲ ಅವನಿಗೇ ಬಿಟ್ಟೆ." ಬಿರಿಯಾನಿಯ ತಟ್ಟೆ ನನ್ನತ್ತ ಸರಿಸಿ ಕೇಳಿದರು, "ಅಲ್ಲ, ನಿನ್ನ ಹೆಸರೆಂತ?"

"ಅಫ್ಸಲ್, ಮಾಸ್ಟ್ರೇ."

ಹಿಂದೆ ನಿಂತಿದ್ದ ರೀಮಾ ಕಣ್ಣೊರೆಸಿಕೊಂಡಳು. "ನೋಡಿದ್ರಲ್ಲ? ಬರುವ ವಾರದಿಂದ ನೀವು ಲೀಡ್ ಮಾಡ್ತೀರಲ್ಲ?"

"ಇಲ್ಲ ರೀಮಾ," ಎಂದೆ. "ನಂಗೆ ಬದುಕಿರುವವರಿಗೆ ಮಾತ್ರ ಪಾಳಿ ಕೊಡ್ಲಿಕ್ಕೆ ಬರುದು."