ತಾನೇ ಓಡುವ ಗಾಡಿ

ಗಂಡನ ಹೆಸರನ್ನು ಬಾಯಿಂದ ಆಡಬಾರದು ಎನ್ನುತ್ತಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ನನ್ನ ಗಂಡನ ಹೆಸರು ಮೈಲಾರಲಿಂಗ. ಚಿಕ್ಕೇರೂರಿನಲ್ಲಿ ಅವರಿಗಿಂತ ಮೊದಲು ಟ್ರ್ಯಾಕ್ಟರ್ ಹೊಡೆದವರಿಲ್ಲ, ಅವರಿಗಿಂತ ಚೆನ್ನಾಗಿ ಹೊಡೆಯುವವರಂತೂ ಇನ್ನೂ ಹುಟ್ಟಿಲ್ಲ. ಇದನ್ನು ಹೇಳಿದವರೂ ಅವರೇ.

ಹೋದ ವರ್ಷ ಹುಬ್ಬಳ್ಳಿಯಿಂದ ಹಳೆಯದೊಂದು ಡೀಸೆಲ್ ಕಾರು ತಂದರು. ಬಣ್ಣ ಮಾಸಿತ್ತು, ಹಿಂದಿನ ಒಂದು ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಆದರೆ ಅದಕ್ಕೆ ಕ್ರೂಸ್ ಕಂಟ್ರೋಲ್ ಇತ್ತು. ಹೆದ್ದಾರಿಯಲ್ಲಿ ಒಂದು ವೇಗ ಹಿಡಿದು ಸ್ಟೇರಿಂಗಿನ ಮೇಲಿನ ಗುಂಡಿ ಒತ್ತಿದರೆ, ಆಮೇಲೆ ಆಕ್ಸಿಲರೇಟರ್ ತುಳಿಯದಿದ್ದರೂ ಗಾಡಿ ಅದೇ ವೇಗದಲ್ಲಿ ಹೋಗುತ್ತದೆ. ಬ್ರೇಕನ್ನೋ ಕ್ಲಚ್ಚನ್ನೋ ಮುಟ್ಟಿದರೆ ಬಿಟ್ಟುಕೊಡುತ್ತದೆ. ಮಾರಿದವನು ಎರಡನ್ನೂ ಹೇಳಿದ್ದ. ನಮ್ಮವರು ಮೊದಲಿನದನ್ನಷ್ಟೇ ಕೇಳಿಸಿಕೊಂಡು, ತಾನೇ ಓಡುವ ಗಾಡಿ ತಂದಿದ್ದೇನೆಂದು ಊರಿಗೆಲ್ಲ ಡಂಗುರ ಸಾರಿದರು.

ಗಾಡಿ ಓಡಲಿಲ್ಲ. ಗುಂಡಿ ಒತ್ತಿದರೆ ಹಸಿರು ದೀಪ ಹತ್ತುವುದು, ಮರುಗಳಿಗೆಗೆ ಆರುವುದು.

ಹಾನಗಲ್ಲಿನ ಮೆಕ್ಯಾನಿಕ್ ಶೇಖಸಾಬ ಫ್ಯೂಜು ನೋಡಿದ, ಹಿಂದಿನ ಬ್ರೇಕ್ ದೀಪದ ಬಲ್ಬು ಬದಲಿಸಿದ, ಬ್ರೇಕಿನ ಸ್ವಿಚ್ಚನ್ನೂ ಹೊಸದು ಹಾಕಿದ. ಕೊನೆಗೆ, "ಒಂದ್ಸಲ ನಾ ಹೊಡದು ನೋಡ್ತೇನ್ರಿ," ಎಂದ.

"ಬ್ಯಾಡ. ಬ್ಯಾರೇವ್ರ ಕೈ ಬಿದ್ರ ಗಾಡಿ ಕೆಡತೈತಿ," ಎಂದರು ಇವರು. ಕೆಟ್ಟ ಗಾಡಿಯನ್ನೇ ರಿಪೇರಿಗೆ ತಂದಿದ್ದೇವೆಂಬುದು ಅವರಿಗೆ ನೆನಪಾಗಲಿಲ್ಲ. ಮನೆಗೆ ಬಂದು, ಯಾರದೋ ಕೆಟ್ಟ ಕಣ್ಣು ಬಿದ್ದಿದೆಯೆಂದು ಸ್ಟೇರಿಂಗಿಗೆ ಕರಿದಾರ ಕಟ್ಟಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯಲ್ಲೂ ಹೆಂಗಸೇ ಸಿಕ್ಕಿಬಿದ್ದಿದ್ದಾಳೆ ನೋಡಿ.

ನನಗೆ ಲೈಸೆನ್ಸ್ ಇದೆ. ಹಿರೇಕೆರೂರಿಗೆ ಬಸ್ಸಿನಲ್ಲಿ ಹೋಗಿ ಕಲಿತು ಪಡೆದದ್ದು. ಮಗಳು ಮಂಜುಳಾಳನ್ನು ಸವಣೂರಿಗೆ ಕೊಟ್ಟಿದ್ದೇವೆ, ಈಗ ಬಸುರಿ. ಅವಳು ಫೋನಿನಲ್ಲಿ "ಅವ್ವಾ, ಯಾಕೋ ಬ್ಯಾಸರ ಆಗೇತಿ" ಎಂದ ದಿನ, ಯಾರ ಪುರುಸೊತ್ತನ್ನೂ ಕಾಯದೆ ಹೋಗಿ ಅವಳ ಪಕ್ಕ ಕೂತು ಬರಬೇಕು. ನನ್ನ ಆಸೆ ಅಷ್ಟೇ. ಆದರೆ ಕೀಲಿ ಕೇಳಿದಾಗಲೆಲ್ಲ ಒಂದೇ ಉತ್ತರ.

"ಗಾಡಿ ಮೊದ್ಲ ಬರಾಬರಿ ಆಗ್ಲಿ. ಆಮ್ಯಾಲ ನಿನ್ನ ಕೈಗೆ ಕೊಡ್ತೇನಿ."

ಮಗಳ ಐದು ತಿಂಗಳ ಕುಬಸಕ್ಕೆಂದು, ಅಂದರೆ ನಮ್ಮ ಕಡೆಯ ಸೀಮಂತಕ್ಕೆಂದು, ಹೊರಟೆವು. ಬಂಕಾಪುರದಿಂದ ಸವಣೂರಿಗೆ ನೆಟ್ಟಗೆ ದಾರಿಯಿದೆ. ಇವರು ಮಾತ್ರ ಕ್ರೂಸ್ ಪರೀಕ್ಷೆಗೆಂದು ಹೆದ್ದಾರಿ ಹತ್ತಿ ಶಿಗ್ಗಾಂವಿಯ ಕಡೆ ತಿರುಗಿಸಿದರು. ಬುಟ್ಟಿಯಲ್ಲಿದ್ದ ಹೋಳಿಗೆ ಆರುತ್ತಿತ್ತು. ದೀಪ ಹತ್ತಿತು, ಆರಿತು. ಹತ್ತಿತು, ಆರಿತು. ಅಷ್ಟರಲ್ಲಿ ಇವರು "ಅಯ್ಯಯ್ಯೋ" ಎನ್ನುತ್ತ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಎಡಗಾಲಿನ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತ್ತು.

ಆರತಿಯ ಹೊತ್ತು ಮೀರುತ್ತಿತ್ತು. ಬೇರೆ ದಾರಿಯಿಲ್ಲದೆ ನನ್ನನ್ನು ಸ್ಟೇರಿಂಗಿಗೆ ಕೂರಿಸಿದರು. ನಾನು ಸೆರಗು ಸಿಕ್ಕಿಸಿ, ವೇಗ ಹಿಡಿದು ಟಾಪ್ ಗೇರಿಗೆ ಹಾಕಿ, ಕಲಿಸಿದವರು ಹೇಳಿದಂತೆ ಎಡಗಾಲನ್ನು ಕ್ಲಚ್ಚಿನಿಂದ ತೆಗೆದು ಕೆಳಗಿಟ್ಟು, ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಆರಲಿಲ್ಲ. ಬಲಗಾಲನ್ನೂ ಎತ್ತಿದೆ. ಗಾಡಿ ತನ್ನಷ್ಟಕ್ಕೆ ತಾನೇ ಓಡಿತು. ಎಷ್ಟು ಸಂತೋಷವಾಯಿತೆಂದರೆ ನಗು ತಡೆಯಲಾಗಲಿಲ್ಲ.

"ನೋಡಿದ್ಯಾ, ಬರಾಬರಿ ಆತು," ಎಂದರು ಇವರು ಮೀನಖಂಡ ತಿಕ್ಕುತ್ತ. "ಶೇಖಸಾಬ ಹಾಕಿದ ಸ್ವಿಚ್ಚು ಈಗ ಸರಿಯಾಗಿ ಕುಂತೈತಿ. ನಿಲ್ಲಸು, ನಾ ಹೊಡೀತೇನಿ. ಬೀಗರ ಓಣ್ಯಾಗ ನೀ ಗಾಡಿ ಹೊಡಕೊಂಡು ಹೋದ್ರ ಮಂದಿ ಏನಂದಾರು?"

ಕೊಟ್ಟೆ. ಗುಂಡಿ ಒತ್ತಿದರು. ದೀಪ ಹತ್ತಿತು, ಆರಿತು. ಈ ಸಲ ನಾನು ದೀಪ ನೋಡಲಿಲ್ಲ, ಕೆಳಗೆ ನೋಡಿದೆ. ಅವರ ಎಡಗಾಲು, ಟ್ರ್ಯಾಕ್ಟರಿನಲ್ಲಿ ಜನ್ಮವಿಡೀ ಕೂತಂತೆಯೇ, ಕ್ಲಚ್ಚಿನ ಮೇಲೆ ಆರಾಮವಾಗಿ ಕೂತಿತ್ತು.

"ಎಡಗಾಲು ತಗೀರಿ. ಕ್ಲಚ್ ಮುಟ್ಟಿದ್ರ ಅದು ಬಿಡತೈತಿ."

"ತಗದು ಎಲ್ಲಿಡ್ಲಿ, ತಲಿ ಮ್ಯಾಲ? ನನಗ ಗಾಡಿ ಹೊಡ್ಯೂದು ಕಲಸ್ತಿ ಏನು?"

ಸವಣೂರಿನಲ್ಲಿ ಇಳಿದವರೇ ಇವರು ಪಡಸಾಲೆಯಲ್ಲಿ ಬೀಗರಾದ ಫಕ್ಕೀರಪ್ಪನವರ ಮುಂದೆ ಕೂತು, ಇವತ್ತಿನ ಕಂಪನಿಗಳೆಲ್ಲ ಮೋಸ, ಗಾಡಿಯ ಒಳಗಿನ ವೈರಿಂಗೇ ಖರಾಬು ಎಂದು ಶುರು ಮಾಡಿದರು. ಮಂಜುಳಾ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ನನ್ನ ಕೈ ಹಿಡಿದು, "ಮತ್ತ ಯಾವಾಗ ಬರ್ತಿ ಅವ್ವಾ?" ಎಂದಳು. ನಾನು ಪಡಸಾಲೆಯ ಕಡೆ ನೋಡಿದೆ.

ಆರತಿಯಾದ ಮೇಲೆ ಹೆಂಗಸರೆಲ್ಲ ಸರದಿಯಂತೆ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ವರ್ಷವಿಡೀ ನುಂಗಿದ ಹೆಸರನ್ನು ಬಾಯ್ತುಂಬ ಹೇಳಲು ನಮಗಿರುವ ಅವಕಾಶ ಅದೊಂದೇ. ಬೀಗಿತ್ತಿ ಭರಮವ್ವ, "ಹೆಸರು ಹೇಳ್ರಿ ನಾಗರತ್ನಕ್ಕ. ಹಳೇದು ಬ್ಯಾಡ, ಹೊಸಾದ ಹೇಳ್ರಿ," ಎಂದರು.

ಪಡಸಾಲೆಗೆ ಕೇಳುವಂತೆ ಹೇಳಿದೆ:

"ಗುಂಡಿ ಒತ್ತಿದ್ರ ಓಡೂ ಗಾಡೀಗೆ ಯಾವ ರೋಗಾನೂ ಇಲ್ಲ,
ಕ್ಲಚ್ಚಿನ ಮ್ಯಾಲಿನ ಎಡಗಾಲು ಒಮ್ಮೆನೂ ತಗದಿಲ್ಲ,
ತಗೀರಿ ಅಂದ್ರ ನಮ್ಮ ಮೈಲಾರಲಿಂಗರಾಯರು ಕೇಳೂದಿಲ್ಲ."

ಒಳಗೆ ನಗೆ ಎದ್ದಿತು. ಪಡಸಾಲೆಯಿಂದ ಫಕ್ಕೀರಪ್ಪನವರ ದನಿ ಕೇಳಿಸಿತು: "ಬೀಗರ, ವೈರಿಂಗ್ ಎಲ್ಲಿ ಖರಾಬ್ ಐತಿ ಅಂದ್ರಿ?"

ಹೊರಡುವಾಗ ಇವರು ಕೀಲಿಯನ್ನು ನನ್ನ ಮಡಿಲಿಗೆ ಎಸೆದರು. "ಕಾಲು ಇನ್ನೂ ಹಿಡದೈತಿ. ನೀನ ಹೊಡಿ," ಎಂದರು, ಎಲ್ಲರಿಗೂ ಕೇಳುವಂತೆ. ನಾನು ಕರಿದಾರ ಬಿಚ್ಚಿ ಕಿಟಕಿಯಿಂದ ಹೊರಗೆಸೆದೆ. ಹೆದ್ದಾರಿಯಲ್ಲಿ ಹಸಿರು ದೀಪ ಹತ್ತಿ, ಹತ್ತಿಯೇ ಉಳಿಯಿತು.

"ಗಾಡಿ ಬರಾಬರಿ ಆತಲ್ರಿ," ಎಂದೆ. "ಕೀಲಿ ಇನ್ನ ನನ್ನ ಕಡೆನ ಇರ್ಲಿ. ಮುಂದಿನ ಸೋಮವಾರ ಮಂಜುಳಾನ ನೋಡಾಕ ಹೋಗ್ತೇನಿ."

ಪಕ್ಕದಲ್ಲಿ ಕೂತಿದ್ದ ಇವರ ಎಡಗಾಲು ಬಂಕಾಪುರದವರೆಗೂ, ಕ್ಲಚ್ಚೇ ಇಲ್ಲದ ಕಡೆ, ಬರೀ ಮ್ಯಾಟನ್ನು ಒತ್ತುತ್ತಲೇ ಇತ್ತು.