ಸಾಹೇಬನ ಗುಹೆ

ಆ ಮನೆಯಲ್ಲಿ ಯಾರ ದರಬಾರು ಎಂದು ಕೇಳಿದರೆ, ಬಸ್ ಓಡಿಸುವ ಯಜಮಾನನದೂ ಅಲ್ಲ, ಅವನ ಮಗಳದೂ ಅಲ್ಲ. ನಡುಮನೆಯ ಅಕ್ವೇರಿಯಂನಲ್ಲಿ ಕಪ್ಪು ಕಲ್ಲಿನ ಗುಹೆ ಹಿಡಿದು ಕೂತಿದ್ದ ನೀಲಿ ಮೀನಿನದು. ಬೆರಳುದ್ದದ ಪ್ರಾಣಿ, ಗತ್ತು ಮಾತ್ರ ಕೇಳಬೇಡಿ. ಹುಡುಗಿ ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿದ್ದಳು.

ಆ ಮನೆಗೆ ಹೊಸ ಹೆಂಡತಿಯಾಗಿ ಬಂದವಳು ಕಟ್ಟುಹಲ್ಲು ತಯಾರಿಸುವವಳು. ಎಂಥ ಬೊಚ್ಚು ಬಾಯಿಗೂ ಒಪ್ಪುವಂತೆ ಹಲ್ಲು ಕೂರಿಸುವ ಕೈ ಅವಳದು. ಆದರೆ ಈ ಮನೆಯಲ್ಲಿ ತಾನೇ ಎಲ್ಲಿ ಕೂರಬೇಕೆಂದು ಗೊತ್ತಾಗದೆ ಒದ್ದಾಡುತ್ತಿದ್ದಳು. ಹುಡುಗಿಯ ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಉಪ್ಪಿನ ಡಬ್ಬಿ ಆಕೆ ಇಟ್ಟಲ್ಲೇ ಇತ್ತು, ಬೀರುವಿನಲ್ಲಿ ಆಕೆಯ ಬಟ್ಟೆಗಳು ಹಾಗೇ ತೂಗುತ್ತಿದ್ದವು. ಹಲ್ಲಿನವಳು ಒಂದನ್ನೂ ಕದಲಿಸಿರಲಿಲ್ಲ. ತನ್ನ ಬಟ್ಟೆಗಳಿದ್ದ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದ್ದಳು. ದಿನಾ ಬೆಳಿಗ್ಗೆ ಮಂಡಿಯೂರಿ ಎಳೆದು, ಬೇಕಾದ್ದು ತೆಗೆದುಕೊಂಡು, ಸದ್ದಾಗದಂತೆ ಮತ್ತೆ ತಳ್ಳುವಳು. ಗಂಡನಿಗೆ ಇದು ಕಂಡಿರಲಿಲ್ಲ. ಬಸ್ಸಿನಲ್ಲಿ ಕೂತರೆ ಹಿಂದಿನದೂ ಕಾಣುತ್ತದೆ, ಮನೆಗೆ ಬಂದರೆ ಮುಂದಿನದೂ ಕಾಣುವುದಿಲ್ಲ. ಕೆಲವು ಗಂಡಸರೇ ಹಾಗೆ.

ಹುಡುಗಿ ಜಗಳವಾಡುತ್ತಿರಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು. ಹೂಂ, ಉಹೂಂ, ಅಲ್ಲಿಗೆ ಮಾತು ಮುಗಿಯಿತು. ಮೀನಿನ ಮುಂದೆ ಕೂತಾಗ ಮಾತ್ರ ಅವಳ ಮುಖ ಅರಳುತ್ತಿತ್ತು. ಅದನ್ನೇ ನೆಚ್ಚಿಕೊಂಡು ಹಲ್ಲಿನವಳು ಒಂದು ಸಂಜೆ ಕಿತ್ತಳೆ ಬಣ್ಣದ ಒಂದಷ್ಟು ಮೀನಿನ ಮರಿಗಳನ್ನು ತಂದಳು. ಅಂಗಡಿಯವನು ಹೇಳಿಯೇ ಕೊಟ್ಟಿದ್ದ.

"ಇವನ್ನ ಬಿಡೋ ಮುಂಚೆ ಒಳಗಿನ ಕಲ್ಲು, ಗಿಡ ಎಲ್ಲಾ ಅದಲು ಬದಲು ಮಾಡಿ ಅಕ್ಕ. ಇದು ನಂದೇ ಜಾಗ ಅನ್ನೋದು ಹಳೇ ಮೀನಿಗೆ ಮರೆತು ಹೋಗ್ಬೇಕು. ಇಲ್ಲಾಂದ್ರೆ ಅಟ್ಟಾಡಿಸಿ ಕಚ್ಚತ್ತೆ."

ಅವಳು ತಲೆಯಾಡಿಸಿ ಬಂದಿದ್ದಳು. ಆದರೆ ಆ ಕಲ್ಲುಗಳನ್ನು ಜೋಡಿಸಿದ್ದು ಹುಡುಗಿಯ ಅಮ್ಮ. ಉಪ್ಪಿನ ಡಬ್ಬಿಯನ್ನೇ ಸರಿಸದವಳು ಅದಕ್ಕೆ ಕೈ ಹಾಕುತ್ತಾಳೆಯೇ? ಮರಿಗಳನ್ನು ಹಾಗೇ ಬಿಟ್ಟುಬಿಟ್ಟಳು.

ಅವತ್ತು ಹುಡುಗಿ ನಕ್ಕಳು. ಮಾರನೆಯ ಬೆಳಿಗ್ಗೆ ಒಂದು ಮರಿ ಸತ್ತು ತೇಲುತ್ತಿತ್ತು. ಉಳಿದವು ಚಿಂದಿಯಾದ ಬಾಲ ಹೊತ್ತು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಸಾಹೇಬ ಗುಹೆಯ ಮುಂದೆ ಗಸ್ತು ತಿರುಗುತ್ತಿದ್ದ.

"ಯಾಕೆ ತಂದ್ರಿ ಇವನ್ನ? ಇದು ಅವನ ಮನೆ. ಸಾಯ್ಲಿ ಅಂತ ತಂದ್ರಾ?" ಹುಡುಗಿ ಬಿಕ್ಕಿದಳು.

"ತಪ್ಪು ನಂದೇ ಪುಟ್ಟಿ. ಕಲ್ಲು ಸರಿಸಿ ಅಂತ ಅಂಗಡಿಯವನು ಹೇಳಿದ್ದ. ನಾನು ಸರಿಸಲಿಲ್ಲ."

"ಯಾಕೆ?"

"ನಿಮ್ಮಮ್ಮ ಇಟ್ಟ ಕಲ್ಲು. ಮುಟ್ಟೋಕೆ ಭಯ ಆಯ್ತು."

ಹುಡುಗಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡಿದಳು. ಮರಿಗಳು ಉಳಿಯಬೇಕಾದರೆ ಅಮ್ಮನ ಕಲ್ಲು ಕದಲಬೇಕು. ಅಷ್ಟು ಚಿಕ್ಕವಳಿಗೆ ಬಹಳ ದೊಡ್ಡ ಸಂಕಟ.

"ಆಚೆ ಬಿಸಾಕ್ಬೇಕಾ?"

"ಛೆ, ಯಾಕೆ ಬಿಸಾಕೋದು? ಎಲ್ಲಾ ಒಳಗೇ ಇರತ್ತೆ. ಸ್ವಲ್ಪ ಸರಿಸೋದು, ಅಷ್ಟೇ. ನಿಂಗೆ ಬೇಡ ಅಂದ್ರೆ ಮರಿಗಳನ್ನ ವಾಪಸ್ ಕೊಟ್ಟು ಬರ್ತೀನಿ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದದ್ದು ಶುದ್ಧ ಸುಳ್ಳು. ಮರಿಗಳಿಗೇ ಜಾಗವಿಲ್ಲದ ಮನೆಯಲ್ಲಿ ತನಗೆಲ್ಲಿ ಜಾಗ ಎಂದು ಅವಳ ಎದೆ ಭಾರವಾಗಿತ್ತು.

ಹುಡುಗಿ ಮೂಲೆಯ ಮರಿಗಳನ್ನೊಮ್ಮೆ, ಗುಹೆಯನ್ನೊಮ್ಮೆ ನೋಡಿದಳು. ಆಮೇಲೆ ಅಂಗಿಯ ತೋಳು ಮೇಲೇರಿಸಿದಳು. "ನೀವು ಸಾಹೇಬನ್ನ ಹಿಡೀರಿ. ಕಲ್ಲು ನಾನೇ ತೆಗೀತೀನಿ."

ಸಾಹೇಬ ಸುಲಭಕ್ಕೆ ಸಿಕ್ಕುವ ಆಸಾಮಿಯೇ? ಬಲೆಗೆ ಬೀಳುವಷ್ಟರಲ್ಲಿ ಇಬ್ಬರ ಬಟ್ಟೆಯೂ ತೊಯ್ದು ತೊಪ್ಪೆಯಾಗಿತ್ತು. ಅಕ್ವೇರಿಯಂನದೇ ನೀರು ತುಂಬಿದ ಬಕೆಟ್ಟಿಗೆ ಅವನನ್ನು ಹಾಕುವ ಹೊತ್ತಿಗೆ ಗಂಡ ಕಣ್ಣುಜ್ಜುತ್ತ ಎದ್ದು ಬಂದ.

"ಏನಿದು ಗಲಾಟೆ?"

"ಸಾಹೇಬರಿಗೆ ವರ್ಗಾವಣೆ ಆಗಿದೆ ಅಪ್ಪ," ಎಂದಳು ಹುಡುಗಿ. ಹಲ್ಲಿನವಳಿಗೆ ಆ ಮನೆಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಗು ಬಂತು.

ಗುಹೆಯ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹುಡುಗಿ ಒಂದು ಗಳಿಗೆ ನಿಂತಳು. ಯಾರೂ ಅವಸರ ಮಾಡಲಿಲ್ಲ. ನಿಧಾನಕ್ಕೆ ಅದನ್ನು ಇನ್ನೊಂದು ತುದಿಗೆ ಇಟ್ಟಳು. ಸಾಹೇಬನೂ ಮರಿಗಳೂ ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ನಡುವೆ ಗಿಡ ನೆಟ್ಟರು. ಮರಿಗಳು ಸುಧಾರಿಸಿಕೊಂಡ ಮೇಲೆ, ಎಲ್ಲರಿಗಿಂತ ಕೊನೆಗೆ ಸಾಹೇಬನನ್ನು ಬಿಟ್ಟರು. ಪಾಪ, ತನ್ನ ಮನೆಯಲ್ಲೇ ವಿಳಾಸ ತಪ್ಪಿದವನಂತೆ ಅಲೆದ. ಒಂದು ಮರಿ ಎದುರಾಯಿತು. ಸ್ವಲ್ಪ ಬೆದರಿಸಿದ, ಆದರೆ ಅಟ್ಟಿಸಿಕೊಂಡು ಹೋಗಲಿಲ್ಲ.

ಮರುದಿನ ಸ್ನಾನ ಮುಗಿಸಿ ಬಂದ ಹಲ್ಲಿನವಳು ಎಂದಿನಂತೆ ಮಂಡಿಯೂರಿ ಮಂಚದ ಕೆಳಗೆ ಕೈ ಚಾಚಿದಳು. ಕೈಗೆ ಬರಿ ನೆಲ ಸಿಕ್ಕಿತು. ಎದ್ದು ನೋಡಿದರೆ ಖಾಲಿ ಸೂಟ್‌ಕೇಸು ಗೋಡೆಗೆ ಒರಗಿತ್ತು, ಬೀರುವಿನ ಬಾಗಿಲು ತೆರೆದಿತ್ತು. ಅಮ್ಮನ ಬಟ್ಟೆಗಳು ಒಂದು ಪಕ್ಕಕ್ಕೆ ಸರಿದಿದ್ದವು. ಅವುಗಳ ಪಕ್ಕದಲ್ಲೇ ತನ್ನವು, ಅಡ್ಡಾದಿಡ್ಡಿಯಾಗಿ, ಒಂದರ ಮೇಲೊಂದು ತೂಗುತ್ತಿದ್ದವು.

ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

"ಏನನ್ನೂ ಬಿಸಾಕಿಲ್ಲ," ಎಂದಳು. "ಸ್ವಲ್ಪ ಸರಿಸಿದೀನಿ, ಅಷ್ಟೇ."